ಧಣಿಯ ಪಕ್ಕದ ಕುರ್ಚಿ

ಹಗಲು ನಾನು ಪ್ರೌಢಶಾಲೆಯ ಇತಿಹಾಸದ ಮೇಷ್ಟ್ರು, ರಾತ್ರಿ ಕರ್ಣ. ರಾಯಚೂರು ಜಿಲ್ಲೆಯ ಜಾತ್ರೆಗಳಲ್ಲಿ ಸುಮಾರು ಮೂವತ್ತು ವರ್ಷ ಅದೊಂದೇ ಪಾತ್ರ ಮಾಡಿದ್ದೇನೆ. ಒಂದು ಕಾಲಕ್ಕೆ ಬಸ್ಸಿನ ಕಂಡಕ್ಟರ್ ‘ಕರ್ಣ ಬಂದ’ ಎಂದು ಯಾರನ್ನಾದರೂ ಎಬ್ಬಿಸಿ ನನಗೆ ಸೀಟು ಕೊಡಿಸುತ್ತಿದ್ದ. ಟೀವಿ ಧಾರಾವಾಹಿಗಳು ಬಂದ ಮೇಲೆ ಆ ಸೀಟೂ ಹೋಯಿತು. ಕುಂತಿಯ ಮುಂದೆ ನಾನು ಎದೆ ಬಿರಿಯುವಂತೆ ಅಳುತ್ತಿರುವಾಗ ಎಷ್ಟು ಜನ ಎದ್ದು ಮಿರ್ಚಿ ತಿನ್ನಲು ಹೋದರು ಎಂದು ರಂಗದ ಮೇಲಿನಿಂದಲೇ ಎಣಿಸುವುದು ರೂಢಿಯಾಗಿತ್ತು.

2014ರ ಫೆಬ್ರುವರಿಯಲ್ಲಿ ಸಿಂಧನೂರಿನ ಆಚೆ ಒಂದು ಊರಿನ ಜಾತ್ರೆ. ನಸುಕಿನಲ್ಲಿ ನಾಟಕ ಮುಗಿಸಿ ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದೆ. ಧಣಿಯ ಮನೆಯಿಂದ ಜೀಪು ಬಂತು. ಆ ಊರಿನಲ್ಲಿ ಅವನ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ‘ಅವರು’ ಎಂದರೆ ಸಾಕು. ಪಂಚಾಯಿತಿಗೆ ಅವನು ನಿಲ್ಲಿಸಿದವರು ಅವಿರೋಧವಾಗಿ ಬರುತ್ತಾರೆ. ಜಗಳ ಠಾಣೆಗೆ ಹೋಗುವ ಮೊದಲು ಅವನ ಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಠಾಣೆಗೆ ಹೋಗುವುದೇ ಇಲ್ಲ.

ಕಟ್ಟೆಯ ಕೆಳಗೆ ಇಪ್ಪತ್ತು ಜನ ಚಪ್ಪಲಿ ಬಿಟ್ಟು ನಿಂತಿದ್ದರು. ಮೇಲೆ ಎರಡೇ ಕುರ್ಚಿ. ಒಂದರಲ್ಲಿ ಅವನು. ಇನ್ನೊಂದನ್ನು ಹೆಗಲ ಮೇಲಿನ ಟವೆಲ್ಲಿನಿಂದ ತಾನೇ ಒರೆಸಿ, ‘ಕುಳಿತುಕೊಳ್ಳಿ ಮೇಷ್ಟ್ರೇ’ ಎಂದ. ಕುಂತಿಗೆ ನಾನು ಹೇಳುವ ಮಾತುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ತಂದುಕೊಂಡ. ಅದು ನಟನೆಯಲ್ಲ, ನಟನೆಯಾಗಿದ್ದರೆ ನನಗೆ ತಿಳಿಯುತ್ತಿತ್ತು. ಹೋಳಿಗೆಯ ಮೇಲೆ ತುಪ್ಪವನ್ನು ತಾನೇ ಸುರಿದ. ಶಾಲು ಹೊದಿಸಿದ. ಫೋಟೊ ತೆಗೆಸಿದ.

ನಮ್ಮ ಓಣಿಯ ಕಿರಾಣಿ ಅಂಗಡಿಯವನೂ ನನ್ನ ಮಾತುಗಳನ್ನು ಕಂಠಪಾಠ ಹೇಳುತ್ತಾನೆ. ಅವನಿಗೆ ನಕ್ಕು, ಅಕ್ಕಿಯ ಚೀಲ ಎತ್ತಿಕೊಂಡು ಬಂದಿದ್ದೇನೆ. ಇಲ್ಲಿ ಮಾತ್ರ ಗಂಟಲು ಕಟ್ಟಿತು. ಕೆಳಗೆ ನಿಂತವರಿಲ್ಲದಿದ್ದರೆ ಅದು ಬರೀ ಕಟ್ಟಿಗೆಯ ಕುರ್ಚಿ. ಎಲ್ಲರೂ ಹೆದರುವ ಮನುಷ್ಯ ನನ್ನೆದುರು ಮೆತ್ತಗಾದನಲ್ಲ, ಆ ರುಚಿಯೇ ಬೇರೆ. ತುಂಬಿದ ಸಭೆಯಲ್ಲಿ ಎಲ್ಲರೂ ಕುಲ ಕೇಳಿದಾಗ ಅಂಗರಾಜ್ಯ ಕೊಟ್ಟ ದುರ್ಯೋಧನನನ್ನು ಕರ್ಣ ಏಕೆ ಬಿಡಲಿಲ್ಲ ಎಂಬುದು ಮೂವತ್ತು ವರ್ಷದ ಬಾಯಿಪಾಠದಲ್ಲಿ ಹೊಳೆಯದೆ ಆ ಬೆಳಗ್ಗೆ ಹೊಳೆಯಿತು.

ಏಪ್ರಿಲ್‌ನಲ್ಲಿ ಭಾವ ಮನೆಗೆ ಬಂದರು. ಮಾನ್ವಿಯ ಕಡೆ ಅವರದು ನಾಲ್ಕು ಎಕರೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಬರುವಷ್ಟರಲ್ಲಿ ಕೆಳಭಾಗದವರಿಗೆ ಉಳಿಯುವುದು ಗೇಜಿನ ಲೆಕ್ಕ ಮಾತ್ರ. ಭತ್ತ ತೆನೆ ಕಟ್ಟುವ ಹೊತ್ತಿಗೆ ನೀರು ನಿಂತಿತ್ತು. ಮೇಲೆ ಯಾರು ಯಾರು ಕಾಲುವೆಗೇ ಮೋಟಾರು ಹಚ್ಚಿದ್ದಾರೆ ಎಂದು ಭಾವ ಹೆಸರು ಹೇಳುತ್ತಿದ್ದವರು ಗೋಡೆಯ ಫೋಟೊ ನೋಡಿ ನಿಲ್ಲಿಸಿದರು. ‘ಇವನೇ’ ಎಂದರು.

‘ಹತ್ತಿರದಿಂದ ನೋಡಿದರೆ ಅವರು ಹಾಗಲ್ಲ ಭಾವ, ಬಹಳ ಹೃದಯವಂತರು’ ಎಂದೆ. ನಾನೇ ಹೇಳಿದ್ದು.

‘ನಮ್ಮನ್ನು ಅಷ್ಟು ಹತ್ತಿರ ಬಿಡುವುದಿಲ್ಲ’ ಎಂದು ಚಹಾ ಕುಡಿದು ಎದ್ದುಹೋದರು.

ನಾನಾಡಿದ ಮಾತನ್ನು ಇದಕ್ಕಿಂತ ಮೊದಲು ಎಲ್ಲಿ ಕೇಳಿದ್ದೆ ಎಂದು ರಾತ್ರಿ ಯೋಚಿಸಿದರೆ, ಅದೇ ಜನವರಿಯಲ್ಲಿ ತರಗತಿಯಲ್ಲಿ ಹುಡುಗರೊಂದಿಗೆ ಸೇರಿ ನಕ್ಕ ಸುದ್ದಿ ನೆನಪಾಯಿತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಡೆನಿಸ್ ರಾಡ್‌ಮನ್ ಪ್ಯೊಂಗ್ಯಾಂಗ್‌ನ ಕ್ರೀಡಾಂಗಣದಲ್ಲಿ ಉತ್ತರ ಕೊರಿಯಾದ ಸರ್ವಾಧಿಕಾರಿ ಕಿಮ್ ಜಾಂಗ್ ಉನ್‌ಗೆ ಹುಟ್ಟುಹಬ್ಬದ ಹಾಡು ಹೇಳಿದ್ದ. ಹಿಂದಿನ ವರ್ಷವೇ ಅವನನ್ನು ಜೀವನಪೂರ್ತಿಯ ಗೆಳೆಯ ಎಂದು ಕರೆದಿದ್ದ. ರಾಡ್‌ಮನ್ ಎನ್‌ಬಿಎ ಎಂಬ ಅಮೆರಿಕದ ವೃತ್ತಿಪರ ಲೀಗ್ ಬಿಟ್ಟು ಹದಿಮೂರು, ಹದಿನಾಲ್ಕು ವರ್ಷವಾಗಿತ್ತು. ಅವನ ಶಿಕಾಗೊ ಬುಲ್ಸ್ ತಂಡದ ದಿನಗಳನ್ನು ಆರಾಧಿಸುವ ಒಬ್ಬ, ಇಡೀ ದೇಶವನ್ನು ಎದ್ದು ನಿಲ್ಲಿಸಬಲ್ಲವನು, ಪಕ್ಕದ ಕುರ್ಚಿ ತೋರಿಸಿದ. ನನಗೆ ಇನ್ನು ನಗಲಾಗಲಿಲ್ಲ.

ಹಣಕ್ಕಾಗಿ ಹೋದವರ ಕತೆ ಸುಲಭ. ಗಾಯಕಿ ನೆಲ್ಲಿ ಫರ್ಟಾಡೊ 2007ರಲ್ಲಿ ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಕುಟುಂಬಕ್ಕೆ 45 ನಿಮಿಷ ಹಾಡಿ ಪಡೆದ ಹತ್ತು ಲಕ್ಷ ಡಾಲರನ್ನು 2011ರಲ್ಲಿ ದಾನ ಮಾಡುವುದಾಗಿ ಹೇಳಿದರು. ಹಣವಾದರೆ ಹಿಂದಿರುಗಿಸಬಹುದು. ಹೋಳಿಗೆಯನ್ನು ಹೇಗೆ ಹಿಂದಿರುಗಿಸುವುದು?

ನಟ ಬಳ್ಳಾರಿ ರಾಘವರನ್ನು ಇಂಗ್ಲಿಷ್ ನಾಟಕಕಾರ ಬರ್ನಾರ್ಡ್ ಷಾ ಮೆಚ್ಚಿದ್ದರು ಎಂದು ನಮ್ಮ ಕಡೆಯ ನಾಟಕದವರು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಅದೇ ಷಾ 1931ರಲ್ಲಿ ತಮ್ಮ ಎಪ್ಪತ್ತೈದನೇ ಹುಟ್ಟುಹಬ್ಬವನ್ನು ಮಾಸ್ಕೋದಲ್ಲಿ ಆಚರಿಸಿಕೊಂಡರು, ಸ್ಟಾಲಿನ್ನನನ್ನು ಕಂಡು ಮರುಳಾದರು. ಅಲ್ಲಿ ಹಸಿವಿದೆಯೆಂದು ಗೆಳೆಯರು ಕಟ್ಟಿಕೊಟ್ಟಿದ್ದ ಆಹಾರವನ್ನು ರೈಲಿನ ಕಿಟಕಿಯಿಂದ ಎಸೆದೆ ಎಂದು ತಾವೇ ಹೇಳಿಕೊಂಡರು. ಉಕ್ರೇನಿನಲ್ಲಿ ಲಕ್ಷಗಟ್ಟಲೆ ಜನ ಸಾಯುತ್ತಿದ್ದ 1933ರಲ್ಲಿ, ಕ್ಷಾಮವಿಲ್ಲ ಎಂದು ಪತ್ರಿಕೆಗೆ ಬರೆದ ಪತ್ರಕ್ಕೆ ಸಹಿ ಹಾಕಿದರು. ಯಾರನ್ನೂ ಬಿಡದ ನಾಲಿಗೆ ಅವರದು. ತಾನು ಉಂಡ ತಟ್ಟೆಯನ್ನೇ ದೇಶ ಎಂದುಕೊಳ್ಳಲು ದಡ್ಡನಾಗಿರಬೇಕಿಲ್ಲ.

ಟ್ಯಾಗೋರರೂ ಹೋಗಿದ್ದರು. 1926ರಲ್ಲಿ ಅಲ್ಲಿನ ಸರ್ವಾಧಿಕಾರಿ ಮುಸ್ಸೊಲಿನಿಯ ಅತಿಥಿಯಾಗಿ ಇಟಲಿಗೆ. ಇಟಾಲಿಯನ್ನಿಗೆ ಬಂದ ನಿಮ್ಮ ಪುಸ್ತಕಗಳನ್ನೆಲ್ಲ ಓದಿದ್ದೇನೆ ಎಂದು ಅವನು ಹೇಳಿದನಂತೆ. (ನನ್ನ ಧಣಿಯೂ ಅಷ್ಟೇ ಮಾಡಿದ್ದು.) ಶಾಂತಿನಿಕೇತನಕ್ಕೆ ಮೊದಲೇ ಪುಸ್ತಕಗಳ ರಾಶಿ ಕಳಿಸಿದ್ದ. ಕವಿ ಮೆಚ್ಚಿ ಮಾತಾಡಿದರು, ಅಲ್ಲಿನ ಪತ್ರಿಕೆಗಳು ಅದಕ್ಕೆ ಇನ್ನಷ್ಟು ಉಪ್ಪು ಖಾರ ಹಚ್ಚಿದವು. ಆದರೆ ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಫ್ರೆಂಚ್ ಲೇಖಕ ರೊಮೇನ್ ರೋಲಾ ಟ್ಯಾಗೋರರನ್ನು ಕೂರಿಸಿಕೊಂಡು ಇಟಲಿಯ ನಿಜಸ್ಥಿತಿ ತಿಳಿಸಿದರು. ಇಟಲಿಯಿಂದ ಓಡಿಬಂದವರ ಬಾಯಿಂದಲೂ ಟ್ಯಾಗೋರರು ಕೇಳಿದರು. ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಮುಸ್ಸೊಲಿನಿಯ ಆಡಳಿತದ ಬಗ್ಗೆ ಅವರ ಖಂಡನೆ ಬಂತು. ಅವರು ಷಾಗಿಂತ ಹೆಚ್ಚು ಬುದ್ಧಿವಂತರಾಗಿದ್ದರು ಎಂದು ನನಗನ್ನಿಸುವುದಿಲ್ಲ. ಕಟ್ಟೆಯ ಕೆಳಗಿನವರು ಎದುರು ಸಿಕ್ಕಿದರು, ಮಾತಾಡಿದರು, ಅವರು ಕೂತು ಕೇಳಿದರು. ನನ್ನ ಭಾವನೂ ಮಾತಾಡಿದ್ದರು.

ಫೋಟೊ ಗೋಡೆಯಿಂದ ಇಳಿಸಿದೆ. ಹರಿಯಲಿಲ್ಲ, ಟ್ರಂಕಿನಲ್ಲಿ ಶಾಲಿನ ಕೆಳಗೆ ಇಟ್ಟೆ.

ಮರುವರ್ಷ ಅದೇ ಜಾತ್ರೆಗೆ ಕರೆ ಬಂತು. ಹೋಗುವುದಿಲ್ಲ ಎಂದು ಹೆಂಡತಿಗೆ ಹೇಳಿ, ಎರಡು ದಿನ ಬಿಟ್ಟು ಹೋದೆ. ನಾಟಕವಾದ ಮೇಲೆ ಜೀಪು ಬಂತು. ಕಟ್ಟೆ ಅದೇ, ಕೆಳಗೆ ನಿಂತವರು ಬಹುಶಃ ಅವರೇ. ಎರಡನೇ ಕುರ್ಚಿಯಲ್ಲಿ ಟೀವಿಯ ಹಾಸ್ಯ ಕಾರ್ಯಕ್ರಮದ ಹುಡುಗನೊಬ್ಬ ಕೂತಿದ್ದ. ನನಗೆ ಮೆಟ್ಟಿಲ ಮೇಲೆ ಜಾಗ ಮಾಡಿಕೊಟ್ಟರು. ಧಣಿ ಅವನ ಹೋಳಿಗೆಗೆ ತುಪ್ಪ ಸುರಿಯುತ್ತಿದ್ದ. ಭಾವನ ಒಣಗಿದ ನಾಲ್ಕು ಎಕರೆ ಆಗ ನೆನಪಿಗೆ ಬಂತೇ ಎಂದರೆ, ಇಲ್ಲ. ಆ ಹುಡುಗನಿಗೆ ಕರ್ಣನ ಒಂದು ಮಾತೂ ಬರುವುದಿಲ್ಲವಲ್ಲ ಎಂದುಕೊಳ್ಳುತ್ತ ಕೂತಿದ್ದೆ.