ಪಚ್ಚೆ ಲೋಕದ ಆಕಾಶ ಕೊನೆಗೂ ಹಸಿರಾಯಿತು

ಆಯಿತು! ನಾನು ಕಲ್ಪಿಸಿ ಕಟ್ಟುತ್ತಿರುವ ಗ್ರಹ ಪಚ್ಚೆ ಲೋಕದ ನಕ್ಷೆ, ಸಮುದ್ರ, ಋತುಗಳು ಎಂದೋ ಮುಗಿದಿದ್ದವು. ಆಕಾಶದ ಬಣ್ಣವೊಂದೇ ಸತಾಯಿಸುತ್ತಿತ್ತು.

ಕಿತ್ತಳೆ ಆಕಾಶ ಸುಲಭ. ಮಂಗಳದ ಹಾಗೆ ತುಕ್ಕಿನ ದೂಳು ಎಬ್ಬಿಸಿದರೆ ಸಾಕು. ಹಸಿರು ಹಾಗಲ್ಲ. ಅದು ಏಳು ಬಣ್ಣಗಳ ನಟ್ಟನಡುವೆ ಕೂತಿದೆ. ಅದನ್ನಷ್ಟೇ ಉಳಿಸಬೇಕೆಂದರೆ ನೀಲಿಯನ್ನೂ ತೆಗೆಯಬೇಕು, ಕೆಂಪನ್ನೂ ತೆಗೆಯಬೇಕು.

ಮೊದಲು ಜ್ವಾಲಾಮುಖಿಯ ದೂಳು ನೋಡಿದೆ. 1883ರಲ್ಲಿ ಕ್ರಕಟೋವಾ ಸಿಡಿದ ಮೇಲೆ ದಕ್ಷಿಣ ಭಾರತದಲ್ಲೂ ಸೂರ್ಯ ಹಸಿರಾಗಿ ಕಂಡಿದ್ದ. ಆದರೆ ಹಸಿರಾದದ್ದು ಸೂರ್ಯ, ಆಕಾಶವಲ್ಲ. ಕೈಬಿಟ್ಟೆ.

ಆಮೇಲೆ ಕ್ಲೋರಿನ್. ಅದು ನೇರಳೆ, ನೀಲಿಯನ್ನು ನುಂಗುತ್ತದೆ. ಇನ್ನು ಕೆಂಪಿನ ಕಡೆಗೆ ಓಝೋನ್ ಇಡೋಣ ಅಂದುಕೊಂಡೆ. ಅದು ತರಂಗಾಂತರ (ಬೆಳಕಿನ ಅಲೆಯ ಉದ್ದ) 600 ನ್ಯಾನೊಮೀಟರ್ ಆಸುಪಾಸಿನ ಕಿತ್ತಳೆಯನ್ನು ಹೀರುತ್ತದೆ. ಮುಸ್ಸಂಜೆಯಲ್ಲಿ ನಮ್ಮ ನೆತ್ತಿಯ ಮೇಲೆ ಆಕಾಶ ಕಡುನೀಲಿಯಾಗಿ ಉಳಿಯುವುದು ಹೆಚ್ಚಾಗಿ ಅದರಿಂದಲೇ. ಆದರೆ ಬಿಸಿಲಿಗೆ ಒಡೆದ ಕ್ಲೋರಿನ್ ಓಝೋನನ್ನೇ ತಿಂದುಹಾಕುತ್ತದೆ. ಮೀಥೇನ್? ಯುರೇನಸ್‌ಗೆ ಆ ಹಸಿರುನೀಲಿ ಕೊಟ್ಟಿದ್ದು ಅದೇ ಅಲ್ವಾ. ಅದೂ ಬಿಸಿಲಲ್ಲಿ ಕ್ಲೋರಿನ್ ಜೊತೆ ಸೇರಿ ಬೇರೇನೋ ಆಗಿಬಿಡುತ್ತದೆ. ಇಬ್ಬರನ್ನೂ ಕ್ಲೋರಿನ್ ಜೊತೆ ಒಂದೇ ಮನೆಯಲ್ಲಿ ಇಡಲಾಗದು. ಇಲ್ಲೇ ಬಹಳ ಕಾಲ ಸಿಕ್ಕಿಕೊಂಡೆ.

ಉತ್ತರ ರೇಲಿ ಚದುರುವಿಕೆಯಲ್ಲೇ ಇತ್ತು, ಅಂದರೆ ಗಾಳಿಯ ಅಣುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಎರಚುವುದರಲ್ಲಿ. ತರಂಗಾಂತರ ಚಿಕ್ಕದಾದಷ್ಟೂ ಚದುರುವಿಕೆ ಅದರ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 550 ನ್ಯಾನೊಮೀಟರ್‌ನ ಹಸಿರು 650ರ ಕೆಂಪಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ ಚದುರುತ್ತದೆ. ಅಂದರೆ ಕೆಂಪನ್ನು ಗಾಳಿಯೇ ಕಡಿಮೆ ಮಾಡುತ್ತಿದೆ! ಕ್ಲೋರಿನ್ ಒಂದೇ ಸಾಕು. ಗಾಳಿ ಮಾತ್ರ ತೀರಾ ದಟ್ಟವಾಗಿರಬಾರದು. ಬೆಳಕು ಮತ್ತೆ ಮತ್ತೆ ಚದುರಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ.

ಲೆಕ್ಕವನ್ನು ಗಾಜಿನ ತೊಟ್ಟಿಯಲ್ಲಿ ನೋಡಿದೆ. ಗಾಳಿಯ ಬದಲು ಹಾಲು ಬೆರೆಸಿದ ನೀರು. ಹಾಲು ಪೂರ್ತಿ ಕೆನೆ ತೆಗೆದದ್ದೇ ಆಗಬೇಕು. ಕೊಬ್ಬಿನ ಹನಿಗಳು ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತವೆ. ಕ್ಲೋರಿನ್ ಬದಲು ಟಾರ್ಚ್ ಮುಂದೆ ಹಳದಿ ಫಿಲ್ಟರ್ ಹಾಳೆ. ಈ ಹಾಳೆ ಮಾರುವವರ ಮೇಲೆ ಇನ್ನೂ ಸಿಟ್ಟಿದೆ. ನಿಂಬೆ ಹಳದಿ ಕೇಳಿದರೆ ಕಿತ್ತಳೆಗೆ ತಿರುಗಿದ ಹಳದಿ ಕಳಿಸಿ, "ಎರಡೂ ಹಳದಿನೇ ಅಲ್ವಾ ಸಾರ್" ಅಂದರು. ಅಲ್ಲ! ಅದು ನನಗೆ ಬೇಕಾದ ಹಸಿರನ್ನೂ ನುಂಗುತ್ತದೆ. ಸರಿಯಾದ ಹಾಳೆ ಬಂದ ಮೇಲೆ ಟಾರ್ಚ್ ಹತ್ತಿರದ ನೀರು ಎಳೆ ಬಾಳೆಸುಳಿಯ ಬಣ್ಣಕ್ಕೆ ತಿರುಗಿತು. ದೂರದ ತುದಿ ಹಳದಿ. ಹಾಗಾಗಿ ಪಚ್ಚೆ ಲೋಕದ ನೆತ್ತಿ ಹಸಿರು, ದಿಗಂತ ಹಳದಿ.

ಬಿಸಿಲಲ್ಲಿ ಕ್ಲೋರಿನ್ ಸುಮ್ನೆ ಉಳಿಯುವುದಿಲ್ಲ. ಉಪ್ಪು ಸಮುದ್ರದ ಜೀವಿಗಳು ಅದನ್ನು ಬಿಡುತ್ತಲೇ ಇರಬೇಕು. ಆ ಜೀವಿಗಳ ಕೆಲಸ ಬಾಕಿ ಇದೆ.

ಅದಕ್ಕೂ ಮೊದಲು ಇದೇ ತೊಟ್ಟಿಯಲ್ಲಿ ಮಂಗಳದ ಸಂಜೆ ಮಾಡಲೇಬೇಕು. 2015ರಲ್ಲಿ ಮಂಗಳದ ಮೇಲಿನ ಕ್ಯೂರಿಯಾಸಿಟಿ ರೋವರ್ ಕಳಿಸಿದ ಚಿತ್ರದಲ್ಲಿ ಮುಳುಗುವ ಸೂರ್ಯನ ಸುತ್ತ ನೀಲಿ ಇತ್ತಲ್ಲ, ಅದೇ. ಕೆಮ್ಮಣ್ಣು ತಂದಿದ್ದೇನೆ. ನೀರಲ್ಲಿ ಕದಡಿ, ದಪ್ಪ ಕಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ನೀರನ್ನಷ್ಟೇ ತೊಟ್ಟಿಗೆ ಬಗ್ಗಿಸುತ್ತೇನೆ. ಇನ್ನೂ ನುಣ್ಣಗೆ ಸೋಸುವ ದಾರಿ ಗೊತ್ತಿದ್ದವರು ಹೇಳಿ.