ಲೋಟ ಎತ್ತುವ ಮುಂಚೆ

ಗೋವಾದ ಮೊರ್ಜಿಮ್‌ನಲ್ಲಿ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಸಲಾಡ್, ಹಣ್ಣು, ತಣ್ಣನೆಯ ತಿಂಡಿ ಎಲ್ಲ ನನ್ನ ಕೈಯಲ್ಲಿ. ಊರು ಕೊಪ್ಪಳ ಜಿಲ್ಲೆಯ ಕುಷ್ಟಗಿ ಹತ್ತಿರ. ಚಳಿಗಾಲ ಬಂತೆಂದರೆ ಮೊರ್ಜಿಮ್‌ನಲ್ಲಿ ರಷ್ಯಾದವರೇ ಜಾಸ್ತಿ, ಎಷ್ಟೋ ಅಂಗಡಿ ಬೋರ್ಡು, ಮೆನು ಕೂಡ ಅವರ ಅಕ್ಷರದಲ್ಲೇ ಇರುತ್ತವೆ.

ಅವರಿಗೆ ಎಲ್ಲಕ್ಕಿಂತ ದೊಡ್ಡ ಹಬ್ಬ ಹೊಸ ವರ್ಷ. ಸೋವಿಯತ್ ಕಾಲದಲ್ಲಿ ಕ್ರಿಸ್‌ಮಸ್ ಬದಿಗೆ ಸರಿದಿತ್ತು. 1935ರ ಕೊನೆಯಲ್ಲಿ ಅದೇ ಅಲಂಕಾರದ ಮರ ಹೊಸ ವರ್ಷದ ಮರವಾಗಿ ವಾಪಸ್ ಬಂತು, ಉಡುಗೊರೆ, ಮನೆಮಂದಿಯ ಊಟ ಎಲ್ಲ ಡಿಸೆಂಬರ್ 31ರ ರಾತ್ರಿಗೆ ಸೇರಿಕೊಂಡಿತು. ಆ ಊಟದ ಮೇಜಿಗೆ ಪದರ ಪದರವಾಗಿ ಕಟ್ಟಿದ ಸಲಾಡ್ ಬೇಕೇ ಬೇಕು. ನಮ್ಮ ಹೋಟೆಲುಗಳಲ್ಲಿ ರಷ್ಯನ್ ಸಲಾಡ್ ಅಂತ ಕೊಡುತ್ತಾರಲ್ಲ, ಅದು ಕಲಸಿದ್ದು. ಇದನ್ನು ಕಲಸಬಾರದು, ಗೋಡೆ ಕಟ್ಟಿದ ಹಾಗೆ ಕಟ್ಟಬೇಕು.

ನಾನು ಹೇಳುತ್ತಿರುವುದು ಗ್ರನಾತವಿ ಬ್ರಸ್ಲೆತ್ ಅನ್ನೋ ಸಲಾಡ್ ಬಗ್ಗೆ. ರಷ್ಯನ್ ಭಾಷೆಯಲ್ಲಿ ಗ್ರನಾತ್ ಅಂದರೆ ದಾಳಿಂಬೆಯೂ ಹೌದು, ಕೆಂಪು ಹರಳೂ ಹೌದು. ಹರಳಿನ ಬಳೆ ಅಂದುಕೊಳ್ಳಿ. ದೊಡ್ಡ ತಟ್ಟೆಯ ನಡುವೆ ಒಂದು ಗಾಜಿನ ಲೋಟ ಇಟ್ಟು, ಅದರ ಸುತ್ತ ಬೇಯಿಸಿ ತುರಿದ ಆಲೂಗಡ್ಡೆ, ಬೀಟ್ರೂಟ್, ಕ್ಯಾರೆಟ್, ಆಕ್ರೋಟು, ಎಳೆ ಎಳೆಯಾಗಿ ಬಿಡಿಸಿದ ಮಾಂಸ, ಹುರಿದ ಈರುಳ್ಳಿ, ಮೊಟ್ಟೆ, ಮತ್ತೆ ಮಾಂಸ, ಮತ್ತೆ ಬೀಟ್ರೂಟ್, ನಡುನಡುವೆ ಮೇಯನೇಸ್ ಹಾಕುತ್ತಾ ಹೋಗಬೇಕು. ಮೇಲೆಲ್ಲ ದಾಳಿಂಬೆ ಕಾಳು. ಆಮೇಲೆ ಲೋಟ ಎತ್ತಿದರೆ ಬಳೆ ಉಳಿಯುತ್ತದೆ. ಕೆಲವರು ದನದ ಮಾಂಸ ಹಾಕುತ್ತಾರೆ, ನಮ್ಮಲ್ಲಿ ಕೋಳಿ.

ಮೊದಲ ವರ್ಷ ಆರು ತಟ್ಟೆ ನನ್ನ ಪಾಲಿಗೆ ಬಂದವು. 31ರ ಮಧ್ಯಾಹ್ನ ಫ್ರಿಜ್‌ನಲ್ಲಿ ಜಾಗವಿಲ್ಲ, ಆರ್ಡರ್ ಮೇಲೆ ಆರ್ಡರ್, ಬೀಟ್ರೂಟ್ ಇನ್ನೂ ಉಗುರುಬೆಚ್ಚಗಿತ್ತು. ಪರವಾಗಿಲ್ಲ ಅಂತ ತುರಿದೆ, ಹಿಂಡಲಿಲ್ಲ. ರುಚಿ ಬರಲಿ ಅಂತ ಪ್ರತಿ ಪದರಕ್ಕೂ ಉಪ್ಪು ಉದುರಿಸಿದೆ. ರಾತ್ರಿ ಎಂಟೂವರೆಗೆ ಗದಗದ ಹುಡುಗ ಓಡಿಬಂದು, "ಅಣ್ಣಾ, ತಾಟಿನ್ಯಾಗ ಕೆಂಪು ನೀರು ನಿಂತೈತಿ ನೋಡ್ರಿ" ಅಂದ. ಲೋಟ ಎತ್ತಿದೆ. ಬಳೆ ಎರಡು ಕ್ಷಣ ನಿಂತಿತು, ಆಮೇಲೆ ನಿಧಾನಕ್ಕೆ ನಡುವಿನ ಗುಂಡಿಗೆ ಜಾರಿತು. ಮೊಟ್ಟೆಯ ಹಳದಿ, ಕ್ಯಾರೆಟ್ ಎಲ್ಲ ಒಂದೇ ಗುಲಾಬಿ ಬಣ್ಣ. ಚೆಫ್ ಹತ್ತಿರ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬಯ್ಯಲಿಲ್ಲ. ಉಳಿದಿದ್ದ ಆಲೂಗಡ್ಡೆ, ಬಟಾಣಿ, ಕೋಳಿ ಸೇರಿಸಿ ಕಲಸಿದ ಸಲಾಡ್ ಮಾಡಿ ಕಳಿಸಿದರು. ನನಗೆ ಅವತ್ತು ಊಟ ಇಳಿಯಲಿಲ್ಲ. ಹಬ್ಬದ ದಿನ ಮನೆ ಬಿಟ್ಟು ಇಷ್ಟು ದೂರ ಬಂದವರು ಕೇಳಿದ್ದು ಅದೊಂದೇ ತಟ್ಟೆ ಅಲ್ವಾ.

ಮರುದಿನ ಒಬ್ಬ ವಯಸ್ಸಾದ ಅತಿಥಿ ಮೊಮ್ಮಗಳನ್ನು ಕರೆದುಕೊಂಡು ಅಡುಗೆಮನೆ ಬಾಗಿಲಿಗೆ ಬಂದರು. ನಾವೆಲ್ಲ ಅವರನ್ನು ಬಾಬುಷ್ಕಾ ಅಂತಲೇ ಕರೆಯುತ್ತಿದ್ದೆವು, ಅಂದರೆ ಅಜ್ಜಿ. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಅಜ್ಜಿ ಕೈಯಲ್ಲಿ ತೋರಿಸುತ್ತಿದ್ದರು. ತುರಿದ ಬೀಟ್ರೂಟನ್ನು ಮುಂಗೈ ಒಳಭಾಗಕ್ಕೆ ಮುಟ್ಟಿಸಿಕೊಂಡು ನೋಡಿದರು, ನಾವು ಮಗುವಿನ ಹಾಲು ನೋಡುವ ಹಾಗೆ. ತಣ್ಣಗೆ ತಟ್ಟಿದ ಮೇಲೇ ಅಂಗೈಯಲ್ಲಿ ಹಿಂಡಿದರು. ಒಂದು ಹಿಡಿಯಿಂದ ಎರಡು ಚಮಚದಷ್ಟು ರಸ ಬಂತು. ಪದರವನ್ನು ಒತ್ತಲಿಲ್ಲ, ಫೋರ್ಕಿನಿಂದ ಸುಮ್ನೆ ಸಡಿಲವಾಗಿ ಹರಡಿದರು. ಉಪ್ಪು ಮೊಟ್ಟೆಗೆ ಮಾತ್ರ. ಉಪ್ಪು ತರಕಾರಿಯ ನೀರನ್ನು ಹೊರಗೆ ಎಳೆಯುತ್ತದೆ, ಬಿಸಿ ತಾಗಿದರೆ ಮೇಯನೇಸ್ ತೆಳ್ಳಗಾಗುತ್ತದೆ. ಎರಡೂ ತಪ್ಪನ್ನು ನಾನು ಒಂದೇ ತಟ್ಟೆಯಲ್ಲಿ ಮಾಡಿದ್ದೆ.

ಈಗ 30ರ ಸಂಜೆಯೇ ಶುರು ಮಾಡುತ್ತೇನೆ. ಎಂಟು ಜನರ ಒಂದು ತಟ್ಟೆಗೆ ಮೂಳೆಯಿಲ್ಲದ ಕೋಳಿ 400 ಗ್ರಾಂ, ಆಲೂಗಡ್ಡೆ 3, ಕ್ಯಾರೆಟ್ 2, ಬೀಟ್ರೂಟ್ 2, ಮೊಟ್ಟೆ 3, ಈರುಳ್ಳಿ 2, ಆಕ್ರೋಟು 100 ಗ್ರಾಂ, ಮೇಯನೇಸ್ 250 ಗ್ರಾಂ, ದಾಳಿಂಬೆ 2. ಕೋಳಿಯನ್ನು ಪಲಾವ್ ಎಲೆ ಹಾಕಿ ಬೇಯಿಸಿ ಅದೇ ನೀರಿನಲ್ಲಿ ಆರಲು ಬಿಡುತ್ತೇನೆ, ಹೊರಗೆ ತೆಗೆದಿಟ್ಟರೆ ಒಣಗಿ ನಾರಾಗುತ್ತದೆ. ಬೀಟ್ರೂಟನ್ನು ಸಿಪ್ಪೆ, ಬೇರಿನ ತುದಿ ಸಮೇತ ಬೇಯಿಸಬೇಕು, ಕತ್ತರಿಸಿ ಹಾಕಿದರೆ ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ಎಲ್ಲವೂ ರಾತ್ರಿ ಫ್ರಿಜ್‌ನಲ್ಲಿ. ಬೆಳಿಗ್ಗೆ ಬೇಗ ಬಂದು ಲೋಟದ ಹೊರಮೈಗೆ ಎಣ್ಣೆ ಸವರಿ ಕಟ್ಟಿ, ಮತ್ತೆ ಐದಾರು ಗಂಟೆ ಫ್ರಿಜ್‌ನಲ್ಲಿ ಕೂರಿಸುತ್ತೇನೆ. ಗೋವಾದ ಸೆಕೆಯಲ್ಲಿ ಮೇಯನೇಸ್ ಹಾಕಿದ್ದನ್ನು ಹೊರಗೆ ಬಿಡುವ ಧೈರ್ಯ ಯಾರೂ ಮಾಡಬೇಡಿ.

ದಾಳಿಂಬೆ ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಕಡೆ ತೋಟ ತೋಟವೇ ಇದೆ. ಹಣ್ಣನ್ನು ಅಡ್ಡಕ್ಕೆ ಕೊಯ್ದರೆ ಕಾಳು ಒಡೆದು ರಸ ಸುರಿಯುತ್ತದೆ. ಕಿರೀಟದಂತಿರುವ ತುದಿಯನ್ನು ಮುಚ್ಚಳದ ಹಾಗೆ ತೆಗೆದು, ಒಳಗಿನ ಬಿಳಿ ಗೋಡೆ ಎಲ್ಲಿದೆ ನೋಡಿಕೊಂಡು, ಆ ಗೆರೆ ಹಿಡಿದು ಸಿಪ್ಪೆ ಮಾತ್ರ ಸೀಳಿದರೆ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಕಾಳನ್ನು ಬಟ್ಟೆ ಮೇಲೆ ಹರಡಿ ತೇವ ಆರಿಸಿ, ಬಡಿಸುವ ಹೊತ್ತಿಗೆ ಜೋಡಿಸುತ್ತೇನೆ. ಬಾಬುಷ್ಕಾ ಇದನ್ನು ನೋಡಿ ತಾವೂ ಒಂದು ಹಣ್ಣು ಹಾಗೇ ಬಿಡಿಸಿದರು.

ಅವರ ಹೊಸ ವರ್ಷ ಇಲ್ಲಿ ಎರಡು ಸಲ ಬರುತ್ತದೆ. ನಮ್ಮ ಗಡಿಯಾರದ ಹನ್ನೆರಡಕ್ಕೆ ಒಮ್ಮೆ, ಮಾಸ್ಕೋದಲ್ಲಿ ಹನ್ನೆರಡಾದಾಗ ಇಲ್ಲಿ ಎರಡೂವರೆಗೆ ಇನ್ನೊಮ್ಮೆ. ಅದಕ್ಕೇ ಈಗ ಎರಡು ತಟ್ಟೆಯನ್ನು ಲೋಟದ ಸಮೇತ ಫ್ರಿಜ್‌ನಲ್ಲೇ ಉಳಿಸಿಕೊಳ್ಳುತ್ತೇನೆ. ಹೋದ ಸಲ ಎರಡೂವರೆಯ ತಟ್ಟೆಯ ಲೋಟ ಎತ್ತಿದ್ದು ಗದಗದ ಹುಡುಗ. ಎಳೆಯುವ ಮೊದಲು ಲೋಟವನ್ನು ಅರ್ಧ ಸುತ್ತು ತಿರುಗಿಸಿದ, ಆಮೇಲೆ ನೆಟ್ಟಗೆ ಮೇಲಕ್ಕೆತ್ತಿದ. ತಟ್ಟೆಯ ನಡುವೆ ಒಂದು ಹನಿ ಕೆಂಪು ನೀರೂ ಇರಲಿಲ್ಲ.