ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟವರಿಗೆ

ಮನಾಲಿ ಕಡೆಯಿಂದ ಹೋದರೆ ದೂರ ಕಮ್ಮಿ, ತಲೆನೋವು ಜಾಸ್ತಿ. 2,000 ಮೀಟರಿನಿಂದ ಒಂದೇ ದಿನಕ್ಕೆ 4,500 ದಾಟಿ ಕುಂಜುಮ್ ಪಾಸ್ ಹತ್ತಿಸಿದರೆ ಯಾವ ದೇಹ ತಡೆದುಕೊಳ್ಳುತ್ತೆ? ಶಿಮ್ಲಾ ದಾರಿಯಲ್ಲಿ ಕಲ್ಪಾ, ನಾಕೋದಲ್ಲಿ ಒಂದೊಂದು ರಾತ್ರಿ ತಂಗುತ್ತಾ ಏರಬಹುದು. ವಾಪಸ್ ಬರೋವಾಗ ಮನಾಲಿ ಇರಲಿ.

ಆ ಮನಾಲಿ ದಾರಿಯಲ್ಲಿ, ಕುಂಜುಮ್ ಇಳಿದ ಮೇಲೆ ಬರುವ ಬಾತಲ್–ಗ್ರಾಂಫೂ ನಡುವೆ ಹಳ್ಳಗಳು ರಸ್ತೆ ಮೇಲೇ ಹರಿಯುತ್ತವೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಮೊಣಕಾಲಿಗೆ ಬಂದಿರುತ್ತೆ. ತಳದ ಗುಂಡುಕಲ್ಲು ಕಾಣಲ್ಲ, ಕಾರಿನ ಎಂಜಿನ್ ಕೆಳಗಿರೋ ಆಯಿಲ್ ಸಂಪ್‌ಗೇ ಬಡಿಯುತ್ತೆ. ಇಲ್ಲಿ ಟೈಮ್‌ಟೇಬಲ್ ಬರೆಯೋದು ಸೂರ್ಯ. ಹತ್ತಕ್ಕೆ ನಿಧಾನವಾಗಿ ತಿಂಡಿ ಮುಗಿಸಿ ಹೊರಡೋ ನಮ್ಮ ಬೆಂಗಳೂರು ಅಭ್ಯಾಸ ನಡೆಯಲ್ಲ. ಕುಂಜುಮ್‌ಗೆ ಮುಂಚೆ ಸಿಗೋ ಲೋಸರ್ ಹಳ್ಳಿಯನ್ನ ಕತ್ತಲಿರುವಾಗಲೇ ಬಿಡಿ. ಪೆಟ್ರೋಲ್ ಅದಕ್ಕೂ ಮುಂಚೆ, ಸ್ಪಿತಿಯ ಮುಖ್ಯ ಊರು ಕಾಜಾದಲ್ಲೇ ಫುಲ್ ಮಾಡಿಸಿ, ಕೈಯಲ್ಲಿ ಕ್ಯಾಶ್ ಇರಲಿ.